ಸರ್ಕಾರ ಕೊಳ್ಳುವ ಪರಿ: ಟೆಂಡರು ಮತ್ತು ಕರಾರಿನ ವಿಸ್ಮಯ ಲೋಕ

ಮತಗಟ್ಟೆಯಿಂದ ಹೊರಬರುವ ಮತದಾರನ ಎಡಗೈ ತೋರುಬೆರಳಿನ ಮೇಲಿನ ನೇರಳೆ ಗೆರೆ ಭಾರತದ ಪ್ರಜಾಪ್ರಭುತ್ವದ ಸುಪರಿಚಿತ ಲಾಂಛನ. ಆ ಗೆರೆ ಮೂಡುವ ಮುನ್ನವೇ ಸರ್ಕಾರಿ ವ್ಯವಸ್ಥೆ ಒಬ್ಬ ಪೂರೈಕೆದಾರನನ್ನು ಆಯ್ದು, ದರ ನಿಗದಿಪಡಿಸಿ, ಪ್ರಮಾಣವನ್ನೂ ಗಡುವನ್ನೂ ಬರಹಕ್ಕಿಳಿಸಿರುತ್ತದೆ. 1962ರ ಮೂರನೆಯ ಮಹಾಚುನಾವಣೆಯಲ್ಲಿ ಈ ಅಳಿಸಲಾಗದ ಶಾಯಿ ಬಳಕೆಗೆ ಬಂತು. ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿ ರೂಪುಗೊಂಡ ಅದರ ಸೂತ್ರವು ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮದ ಪರವಾನಗಿಯ ಮೂಲಕ ಮೈಸೂರಿನ ಕಾರ್ಖಾನೆಯೊಂದಕ್ಕೆ ಸಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಜನ್ಮತಾಳಿದ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್ 1962ರಿಂದ ಇಂದಿನವರೆಗೂ ಚುನಾವಣಾ ಆಯೋಗಕ್ಕೆ ಈ ಶಾಯಿಯ ಏಕೈಕ ಪೂರೈಕೆದಾರ. 2024ರ ಲೋಕಸಭಾ ಚುನಾವಣೆಗೆಂದು ಇಲ್ಲಿಂದ ಹೊರಟ ಸೀಸೆಗಳು 26 ಲಕ್ಷಕ್ಕೂ ಹೆಚ್ಚು. ಅವುಗಳ ಮೌಲ್ಯ ಸುಮಾರು 55 ಕೋಟಿ ರೂಪಾಯಿ. ಹತ್ತು ಮಿಲಿಲೀಟರಿನ ಒಂದು ಸೀಸೆ ಸುಮಾರು ಏಳುನೂರು ಬೆರಳುಗಳಿಗೆ ಸಾಕಾಗುತ್ತದೆ.

ಒಬ್ಬನೇ ಕೊಳ್ಳುವವನು, ಒಬ್ಬನೇ ಮಾರುವವನು. ಸರ್ಕಾರಿ ಖರೀದಿಯ ಶಾಸ್ತ್ರದಲ್ಲಿ ಇದು ಅಪವಾದ. ಆದರೆ ಸಕಾರಣವಾದ ಅಪವಾದ. ಸೂತ್ರದ ಗೋಪ್ಯತೆ ಕಾಪಾಡಬೇಕು, ಗುಣಮಟ್ಟದಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಬಾರದು, ಮತದಾನದ ದಿನ ಮುಂದೂಡುವಂತಿಲ್ಲ. ಈ ಮೂರೂ ಕಾರಣಗಳಿಂದಾಗಿ ಇಲ್ಲಿ ಮುಕ್ತ ಪೈಪೋಟಿಗಿಂತ ಪರೀಕ್ಷಿತ ವಿಶ್ವಾಸವೇ ಮೇಲಾಯಿತು. ಯಾವಾಗ ಎಲ್ಲರನ್ನೂ ಕರೆಯಬೇಕು, ಯಾವಾಗ ಕೆಲವರನ್ನು, ಯಾವಾಗ ಒಬ್ಬನನ್ನೇ ನೆಚ್ಚಬೇಕು ಎಂಬ ವಿವೇಚನೆಯಲ್ಲಿಯೇ ಈ ವಿದ್ಯೆಯ ಅರ್ಧ ಸಾರವಿದೆ. ಉಳಿದರ್ಧ ಇರುವುದು ಕರಾರು ಪತ್ರದ ಒಕ್ಕಣೆಯಲ್ಲಿ.

ಸರ್ಕಾರವು ಕೊಳ್ಳದ ವಸ್ತು ಯಾವುದಿದೆ? ಶಾಲೆಯ ಪಠ್ಯಪುಸ್ತಕದ ಕಾಗದ, ಪ್ರಾಥಮಿಕ ಆರೋಗ್ಯ ಕೇಂದ್ರದ ಜ್ವರದ ಮಾತ್ರೆ, ಅಂಗನವಾಡಿಯ ತೂಕದ ಯಂತ್ರ, ಪೊಲೀಸರ ಬೂಟು, ಬೀದಿದೀಪ, ಸೇತುವೆಯ ಉಕ್ಕು, ಮೆಟ್ರೊ ರೈಲಿನ ಬೋಗಿ, ಯುದ್ಧವಿಮಾನ ಎಲ್ಲವೂ ಈ ಮಹಾಪ್ರವಾಹದಲ್ಲಿ ಸೇರಿವೆ. ಕೇಂದ್ರ, ರಾಜ್ಯ, ಸಾರ್ವಜನಿಕ ಉದ್ದಿಮೆ, ಸ್ಥಳೀಯ ಸಂಸ್ಥೆಗಳ ಖರೀದಿಯನ್ನೆಲ್ಲ ಒಟ್ಟುಗೂಡಿಸಿದರೆ ದೇಶದ ಒಟ್ಟು ಉತ್ಪನ್ನದ ಐದನೇ ಒಂದು ಭಾಗದಷ್ಟಾಗುತ್ತದೆಂಬುದು ತಜ್ಞರು ಮತ್ತೆ ಮತ್ತೆ ಉಲ್ಲೇಖಿಸುವ ಅಂದಾಜು. ತೆರಿಗೆಯ ಕುರಿತು ಮನೆಮನೆಯಲ್ಲೂ ಚರ್ಚೆ ನಡೆಯುತ್ತದೆ, ಬಜೆಟ್ ಭಾಷಣವನ್ನು ದೇಶವೇ ಕೇಳುತ್ತದೆ. ಆದರೆ ಆ ಹಣ ಯಾರ ಕೈ ಸೇರಬೇಕೆಂದು ತೀರ್ಮಾನಿಸುವ ಟೆಂಡರು ಪತ್ರಗಳಿಗೆ ಓದುಗರೇ ಇಲ್ಲ. ಆಡಳಿತದ ಅತ್ಯಂತ ಸೂಕ್ಷ್ಮ ಬರವಣಿಗೆ ನಡೆಯುವುದು ಅಲ್ಲಿಯೇ.

ಒಂದು ದೀಪದ ಕಥೆ

ಈ ವಿದ್ಯೆಯ ಸಾಮರ್ಥ್ಯಕ್ಕೆ ಎಲ್‌ಇಡಿ ಬಲ್ಬಿಗಿಂತ ಉಜ್ವಲವಾದ ನಿದರ್ಶನವನ್ನು ಹುಡುಕುವುದು ಕಷ್ಟ. ಕೇಂದ್ರ ಸರ್ಕಾರದ ಉದ್ದಿಮೆಗಳು ಕೂಡಿ ಕಟ್ಟಿದ ಎನರ್ಜಿ ಎಫಿಷಿಯನ್ಸಿ ಸರ್ವೀಸಸ್ ಲಿಮಿಟೆಡ್, ಅಂದರೆ ಇ.ಇ.ಎಸ್.ಎಲ್., 2014ರ ಆರಂಭದಲ್ಲಿ ಒಂದು ಬಲ್ಬಿಗೆ ತೆತ್ತ ಖರೀದಿ ದರ 310 ರೂಪಾಯಿ. 2016ರಲ್ಲಿ ಅದೇ ಸಂಸ್ಥೆಯ ಟೆಂಡರಿನಲ್ಲಿ ದರ 38 ರೂಪಾಯಿಗೆ ಇಳಿಯಿತು. ಈ ಇಳಿಕೆಗಾಗಿ ಸಹಾಯಧನ ನೀಡಲಿಲ್ಲ, ಯಾವ ಕಂಪನಿಯ ಮೇಲೂ ಒತ್ತಡ ಹೇರಲಿಲ್ಲ. ಚದುರಿದ್ದ ಬೇಡಿಕೆಯನ್ನು ಒಗ್ಗೂಡಿಸಿ ಕೋಟಿಗಟ್ಟಲೆ ಬಲ್ಬುಗಳಿಗೆ ಒಮ್ಮೆಲೇ ಟೆಂಡರು ಕರೆಯಲಾಯಿತು. ಕೆಲವೇ ತಿಂಗಳ ಅಂತರದಲ್ಲಿ ಮತ್ತೆ ಮತ್ತೆ ಕರೆಯಲಾಯಿತು. ಈ ಬಾರಿ ಸೋತವನಿಗೂ ಮುಂದಿನ ಸುತ್ತಿನಲ್ಲಿ ಅವಕಾಶವಿದೆಯೆಂಬ ಭರವಸೆ ಇದ್ದುದರಿಂದ ತಯಾರಕರು ಕಾರ್ಖಾನೆ ವಿಸ್ತರಿಸಲು ಹಿಂಜರಿಯಲಿಲ್ಲ. ಗುಣಮಟ್ಟದ ವಿಷಯದಲ್ಲಿ ರಾಜಿ ಇರಲಿಲ್ಲ: ಮೂರು ವರ್ಷದೊಳಗೆ ಕೆಟ್ಟ ಬಲ್ಬನ್ನು ಉಚಿತವಾಗಿ ಬದಲಿಸಿಕೊಡುವ ಷರತ್ತು ಜೊತೆಗಿತ್ತು. ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಕರ್ನಾಟಕದ ಮನೆಗಳನ್ನು ತಲುಪಿದ್ದು ಇದೇ ಯೋಜನೆ. ಅಂಗಡಿಯಲ್ಲಿ ಎಲ್‌ಇಡಿ ಬಲ್ಬು ಶ್ರೀಸಾಮಾನ್ಯನ ಕೈಗೆಟುಕುವ ವಸ್ತುವಾದದ್ದರಲ್ಲಿ ಈ ಟೆಂಡರುಗಳ ಪಾತ್ರ ಬಹಳ ದೊಡ್ಡದು.

ಇತಿಹಾಸದ ಪುಟಗಳಲ್ಲಿ

ರಾಜ್ಯವು ಕೊಳ್ಳುವ ಕಲೆಗೆ ನಮ್ಮ ನೆಲದಲ್ಲಿ ದೀರ್ಘ ಪರಂಪರೆಯಿದೆ. ಕೌಟಿಲ್ಯನ ಅರ್ಥಶಾಸ್ತ್ರವು ರಾಜ್ಯದ ದ್ರವ್ಯವನ್ನು ಅಪಹರಿಸುವ ನಲವತ್ತು ಮಾರ್ಗಗಳನ್ನು ಗುರುತಿಸುತ್ತದೆ. ಒಳಗೊಳಗೇ ಒಂದಾಗಿ ಬೆಲೆ ಏರಿಸುವ ಅಥವಾ ಸರಕಿನ ಗುಣ ಕುಗ್ಗಿಸುವ ಕುಶಲಕರ್ಮಿಗಳಿಗೆ ಸಾವಿರ ಪಣಗಳ ದಂಡವನ್ನು ವಿಧಿಸುತ್ತದೆ. ಇಂದಿನ ಸ್ಪರ್ಧಾ ಕಾಯ್ದೆ ಟೆಂಡರು ಕೂಟಗಳನ್ನು ದಂಡಿಸುವ ತತ್ತ್ವಕ್ಕೂ ಇದಕ್ಕೂ ಇರುವ ಸಾಮ್ಯ ಬೆರಗು ಹುಟ್ಟಿಸುತ್ತದೆ.

ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ಈ ಕಲೆಯ ಭವ್ಯ ಅಧ್ಯಾಯವೊಂದಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತವು ಕಾವೇರಿಯ ಶಿವನಸಮುದ್ರ ಜಲಪಾತದಿಂದ ವಿದ್ಯುತ್ ಪಡೆಯಲು ಹೊರಟಾಗ ಏಷ್ಯಾದಲ್ಲಿ ಅಂಥ ಅನುಭವವಿದ್ದವರು ವಿರಳ. ಇಂಜಿನಿಯರ್ ಜೋಲಿ ದ ಲಾಟ್ಬಿನಿಯರ್ ಅಮೆರಿಕ ಮತ್ತು ಯುರೋಪುಗಳಿಗೆ ತೆರಳಿ ತಯಾರಕರನ್ನು ಕಂಡು ಬಂದರು. ವಿದ್ಯುತ್ ಯಂತ್ರಗಳಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್, ಜಲಚಕ್ರಗಳಿಗೆ ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಆಯ್ಕೆಯಾದವು. ಸಂಸ್ಥಾನದ ಮುತ್ಸದ್ದಿತನ ಇದಕ್ಕಿಂತಲೂ ಹೆಚ್ಚಾಗಿ ಬೆಳಗಿದ್ದು ಇನ್ನೊಂದು ಕರಾರಿನಲ್ಲಿ. ಯಂತ್ರಕ್ಕೆ ಹಣ ಹೂಡುವ ಮೊದಲೇ, ಕೋಲಾರದ ಚಿನ್ನದ ಗಣಿಗಳನ್ನು ನಿರ್ವಹಿಸುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯೊಂದಿಗೆ ವಿದ್ಯುತ್ ಖರೀದಿಯ ಒಪ್ಪಂದವನ್ನು ಸಂಸ್ಥಾನ ಖಚಿತಪಡಿಸಿಕೊಂಡಿತ್ತು. ಕೊಳ್ಳುವವನೊಂದಿಗೂ ಮಾರುವವನೊಂದಿಗೂ ಏಕಕಾಲದಲ್ಲಿ ಕರಾರು ಹೆಣೆದು ಅಪಾಯವನ್ನು ಹಂಚಿದ ಈ ವಿವೇಕದ ಫಲವಾಗಿ 1902ರಲ್ಲಿ ಸುಮಾರು 92 ಮೈಲಿ ದೂರದ ಗಣಿಗಳಿಗೆ ವಿದ್ಯುತ್ ಹರಿಯಿತು. ಅಂದಿನ ಜಗತ್ತಿನ ಅತ್ಯಂತ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಇಂದಿನ ವಿದ್ಯುತ್ ಖರೀದಿ ಒಪ್ಪಂದಗಳನ್ನು ರಚಿಸುವವರು ಆ ಕಡತವನ್ನು ಅಧ್ಯಯನ ಮಾಡುವುದು ಸೂಕ್ತವೆಂದು ಈ ಲೇಖಕನ ದೃಢ ಅಭಿಪ್ರಾಯ.

ಬ್ರಿಟಿಷ್ ಭಾರತದಲ್ಲಿ ಸರ್ಕಾರದ ಖರೀದಿಯ ಬಹುಪಾಲು ಲಂಡನ್ನಿನಿಂದಲೇ ನಡೆಯುತ್ತಿತ್ತು. 1922ರಲ್ಲಿ ಇಂಡಿಯನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ ಸ್ಥಾಪನೆಯಾದ ಮೇಲೆ ಆ ಕೆಲಸ ಕ್ರಮೇಣ ಈ ನೆಲಕ್ಕೆ ಬಂತು. ಸ್ವಾತಂತ್ರ್ಯಾನಂತರ ಅದರ ಉತ್ತರಾಧಿಕಾರಿಯಾದ ಡಿ.ಜಿ.ಎಸ್. ಅಂಡ್ ಡಿ., ಅಂದರೆ ಪೂರೈಕೆ ಮತ್ತು ವಿಲೇವಾರಿ ಮಹಾನಿರ್ದೇಶನಾಲಯ, ದಶಕಗಳ ಕಾಲ ದರ ಒಪ್ಪಂದಗಳ ಮೂಲಕ ಇಡೀ ದೇಶದ ಕಚೇರಿಗಳಿಗೆ ಕುರ್ಚಿಯಿಂದ ಕಾರಿನವರೆಗೆ ದರ ಗೊತ್ತುಪಡಿಸಿತು.

ನ್ಯಾಯಪೀಠದ ಬೆಳಕು

ಸಂವಿಧಾನದ 299ನೆಯ ವಿಧಿ ಈ ವಹಿವಾಟಿಗೆ ಗಾಂಭೀರ್ಯವನ್ನು ತಂದಿತು. ರಾಜ್ಯ ಸರ್ಕಾರದ ಕರಾರು ರಾಜ್ಯಪಾಲರ ಹೆಸರಿನಲ್ಲಿಯೇ ಆಗಬೇಕು. ಅಧಿಕಾರ ಪಡೆದ ಅಧಿಕಾರಿಯೇ ಸಹಿ ಹಾಕಬೇಕು. ಸಣ್ಣ ಕಾಮಗಾರಿಯ ಕರಾರಿನಲ್ಲೂ ರಾಜ್ಯದ ಮುಖ್ಯಸ್ಥರ ಹೆಸರು ಮೊದಲ ಸಾಲಿನಲ್ಲಿ ಬರುವುದು ಇದೇ ಕಾರಣಕ್ಕೆ.

ಪೂರೈಕೆದಾರರ ಆಯ್ಕೆಯಲ್ಲಿ ಸಮಾನತೆಯ ತತ್ತ್ವವನ್ನು ನೆಲೆಗೊಳಿಸಿದ್ದು ಒಂದು ಉಪಾಹಾರ ಗೃಹದ ಮೊಕದ್ದಮೆ. ಮುಂಬಯಿ ವಿಮಾನ ನಿಲ್ದಾಣದಲ್ಲಿ ಎರಡನೇ ದರ್ಜೆಯ ಉಪಾಹಾರ ಗೃಹ ಮತ್ತು ತಿಂಡಿ ಮಳಿಗೆಗಳನ್ನು ನಡೆಸಲು 1977ರಲ್ಲಿ ಟೆಂಡರು ಕರೆಯಲಾಗಿತ್ತು. ಕನಿಷ್ಠ ಐದು ವರ್ಷ ಅನುಭವವುಳ್ಳ, ನೋಂದಾಯಿತ ಎರಡನೇ ದರ್ಜೆಯ ಹೋಟೆಲು ಉದ್ಯಮಿಗಳು ಮಾತ್ರ ಅರ್ಹರು ಎಂಬುದು ಷರತ್ತು. ಆಯ್ಕೆಯಾದವರಿಗೆ ಕ್ಯಾಂಟೀನು ನಡೆಸಿದ ಅನುಭವವಿತ್ತು, ಆ ನೋಂದಣಿ ಇರಲಿಲ್ಲ. 1979ರ ರಮಣ ದಯಾರಾಮ್ ಶೆಟ್ಟಿ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು, ಸರ್ಕಾರಿ ಸಂಸ್ಥೆ ತಾನೇ ಸಾರಿದ ಮಾನದಂಡವನ್ನು ತಾನೇ ಮೀರುವಂತಿಲ್ಲವೆಂದು ಸ್ಪಷ್ಟಪಡಿಸಿದರು. ಷರತ್ತು ಸಡಿಲಗೊಳ್ಳುತ್ತದೆಂದು ಮೊದಲೇ ತಿಳಿದಿದ್ದರೆ ಇನ್ನೆಷ್ಟೋ ಮಂದಿ ಅರ್ಜಿ ಹಾಕುತ್ತಿದ್ದರಲ್ಲವೇ ಎಂಬುದು ಅದರ ಹಿಂದಿನ ನ್ಯಾಯ. ಆದರೆ ಅರ್ಜಿದಾರರು ತಡವಾಗಿ ಬಂದಿದ್ದರು, ಗೆದ್ದವರು ಅಷ್ಟರಲ್ಲಿ ಹಣ ಹೂಡಿದ್ದರು. ಹೀಗಾಗಿ ನ್ಯಾಯಾಲಯ ಆ ಗುತ್ತಿಗೆಯನ್ನು ರದ್ದುಪಡಿಸಲಿಲ್ಲ. ತತ್ತ್ವ ಮಾತ್ರ ಶಾಶ್ವತವಾಗಿ ಉಳಿಯಿತು.

ಹದಿನೈದು ವರ್ಷಗಳ ಅನಂತರ ನಾಲ್ಕು ಮಹಾನಗರಗಳ ಮೊಬೈಲ್ ದೂರವಾಣಿ ಪರವಾನಗಿಯ ಪ್ರಶ್ನೆ ಬಂದಾಗ, ಕನ್ನಡಿಗರಾದ ಮುಖ್ಯ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅವರ ನೇತೃತ್ವದ ಪೀಠವು 1994ರ ಟಾಟಾ ಸೆಲ್ಯುಲರ್ ತೀರ್ಪಿನಲ್ಲಿ ಇನ್ನೊಂದು ಎಲ್ಲೆಯನ್ನು ಗುರುತಿಸಿತು. ಯಾರು ಉತ್ತಮ ಪೂರೈಕೆದಾರರೆಂದು ಆಯ್ದುಕೊಡುವುದು ನ್ಯಾಯಾಲಯದ ಕೆಲಸವಲ್ಲ. ಆಯ್ಕೆಯ ವಿಧಾನ ನ್ಯಾಯಯುತವಾಗಿತ್ತೇ ಎಂದು ಪರಿಶೀಲಿಸುವುದಷ್ಟೇ ಅದರ ಕರ್ತವ್ಯ. ಇಂದಿಗೂ ಟೆಂಡರು ವ್ಯಾಜ್ಯಗಳಲ್ಲಿ ಮೊದಲು ತೆರೆಯುವ ಪುಟ ಇದೇ.

ಕರ್ನಾಟಕದ ಕಾಯ್ದೆ

ಸರ್ಕಾರಿ ಖರೀದಿಗೆಂದೇ ಪ್ರತ್ಯೇಕ ಶಾಸನ ರೂಪಿಸಿದ ಮೊದಲ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವಿದೆ. ತಮಿಳುನಾಡಿನ 1998ರ ಕಾಯ್ದೆಯ ಬೆನ್ನಲ್ಲೇ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ರಚನೆಯಾಗಿ, 2000ದ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಗುತ್ತಿಗೆದಾರರ ಹಾಗೂ ಅಧಿಕಾರಿಗಳ ಬಾಯಲ್ಲಿ ಅದು ಕೆ.ಟಿ.ಪಿ.ಪಿ. ಕಾಯ್ದೆ. ಟೆಂಡರು ಆಹ್ವಾನಿಸುವ ಪ್ರಾಧಿಕಾರ ಬೇರೆ, ಪರಿಶೀಲಿಸುವ ಸಮಿತಿ ಬೇರೆ, ಅಂಗೀಕರಿಸುವ ಪ್ರಾಧಿಕಾರ ಬೇರೆ ಎಂಬ ವಿಂಗಡಣೆ ಅದರ ಬೆನ್ನೆಲುಬು. ಮೂಲ ನಿಯಮಗಳ ಪ್ರಕಾರ ಎರಡು ಕೋಟಿ ರೂಪಾಯಿವರೆಗಿನ ಟೆಂಡರಿಗೆ ಮೂವತ್ತು ದಿನ, ಅದಕ್ಕೂ ಮೇಲ್ಪಟ್ಟದ್ದಕ್ಕೆ ಅರವತ್ತು ದಿನ ಕಾಲಾವಕಾಶ ಕೊಡಬೇಕಿತ್ತು. ಅವಧಿ ಕಡಿತಗೊಳಿಸಬೇಕಾದರೆ ಮೇಲಧಿಕಾರಿಯು ಲಿಖಿತವಾಗಿ ಕಾರಣ ದಾಖಲಿಸಬೇಕಿತ್ತು. ದಿನಗಳ ಈ ಲೆಕ್ಕ ಕ್ಷುಲ್ಲಕವೆನಿಸಬಹುದು. ಆದರೆ ಒಂದು ವಾರದಲ್ಲಿ ಮುಗಿಯುವ ಟೆಂಡರಿಗೆ ಅರ್ಜಿ ಹಾಕಬಲ್ಲವನು, ಅದರ ಸುಳಿವು ಮೊದಲೇ ಸಿಕ್ಕಿದವನು ಮಾತ್ರ. ಸಮಯವೇ ಇಲ್ಲಿ ನ್ಯಾಯ.

ಇದೇ ಕಾಯ್ದೆಯ 4(ಜಿ) ಉಪಬಂಧವು ನಿರ್ದಿಷ್ಟ ಖರೀದಿಗಳಿಗೆ ಟೆಂಡರಿನಿಂದ ವಿನಾಯಿತಿ ನೀಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ವಿಪತ್ತಿನ ಹೊತ್ತಿನಲ್ಲಿ ಅದು ಅನಿವಾರ್ಯ. ಆದರೆ ವಿಧಾನಸಭೆಯ ಚರ್ಚೆಗಳಲ್ಲಿ ‘ಫೋರ್ ಜಿ’ ಎಂಬ ಪದ ಪದೇ ಪದೇ ಕೇಳಿಬರುವುದನ್ನು ಗಮನಿಸಿದರೆ, ಪ್ರತಿ ವಿನಾಯಿತಿಯ ಕಾರಣವೂ ಸಾರ್ವಜನಿಕರಿಗೆ ಸುಲಭವಾಗಿ ದೊರೆಯುವಂತಾಗಬೇಕೆಂಬ ಬೇಡಿಕೆ ಅತ್ಯಂತ ಸಮಂಜಸ.

ಲಕೋಟೆ ತೆರೆಯುವ ಮುನ್ನ

ಟೆಂಡರಿನ ರೋಚಕ ಘಳಿಗೆಯೆಂದರೆ ದರದ ಲಕೋಟೆ ತೆರೆಯುವುದೆಂದು ಬಹುತೇಕರು ಭಾವಿಸುತ್ತಾರೆ. ಆದರೆ ಫಲಿತಾಂಶದ ಬಹುಭಾಗ ಅದಕ್ಕೂ ಬಹಳ ಮುಂಚೆ, ನಿರ್ದಿಷ್ಟತೆಗಳನ್ನೂ ಅರ್ಹತೆಗಳನ್ನೂ ಬರೆಯುವ ಮೇಜಿನ ಮೇಲೆಯೇ ನಿರ್ಧಾರವಾಗಿರುತ್ತದೆ. ಶಾಲೆಗೆ ಡೆಸ್ಕು ಬೇಕೆಂದು ಬರೆದರೆ ಸಾಲದು. ಮರ ಯಾವುದು, ಉಕ್ಕಿನ ಕೊಳವೆಯ ದಪ್ಪವೆಷ್ಟು, ಬಣ್ಣ ಎಷ್ಟು ಪದರ, ಯಾವ ವಯಸ್ಸಿನ ಮಗುವಿಗೆ ಎಷ್ಟು ಎತ್ತರ, ಎಲ್ಲವನ್ನೂ ಹೇಳಬೇಕು. ಹೇಳುವಾಗ ಒಂದೇ ಕಂಪನಿಯ ಉತ್ಪನ್ನವನ್ನು ಎದುರಿಗಿಟ್ಟುಕೊಂಡು ಅದರ ಅಳತೆಗಳನ್ನು ನಕಲಿಸಿದರೆ, ಮುಕ್ತ ಟೆಂಡರು ಎಂಬ ಶೀರ್ಷಿಕೆಯ ಕೆಳಗೆ ಬಾಗಿಲು ಮುಚ್ಚಿದಂತಾಗುತ್ತದೆ. ಆದ್ದರಿಂದಲೇ ನುರಿತ ಅಧಿಕಾರಿಗಳು ವಸ್ತುವಿನ ವರ್ಣನೆಗಿಂತ ಅದು ಮಾಡಬೇಕಾದ ಕೆಲಸವನ್ನು ವಿವರಿಸಲು ಇಚ್ಛಿಸುತ್ತಾರೆ. ಡೆಸ್ಕು ಎಷ್ಟು ಭಾರ ಹೊರಬೇಕು, ಎಷ್ಟು ವರ್ಷ ಬಾಳಬೇಕು, ಯಾವ ಬಿ.ಐ.ಎಸ್. ಮಾನಕಕ್ಕೆ ಹೊಂದಬೇಕು ಎಂದು ಹೇಳಿದರೆ ಹತ್ತಾರು ತಯಾರಕರು ತಮ್ಮ ತಮ್ಮ ಜಾಣ್ಮೆಯಿಂದ ಉತ್ತರ ಕೊಡಬಲ್ಲರು.

ಅರ್ಹತೆಯ ವಿಷಯವೂ ಹಾಗೆಯೇ. ದೊಡ್ಡ ಕಾಮಗಾರಿಗಳಿಗೆ ಕೇಂದ್ರ ಜಾಗೃತ ಆಯೋಗ ಸೂಚಿಸಿದ ಅಳತೆಗೋಲು ಸ್ಪಷ್ಟವಾಗಿದೆ: ಕಳೆದ ಏಳು ವರ್ಷಗಳಲ್ಲಿ ಅದೇ ಸ್ವರೂಪದ ಕೆಲಸ ಮುಗಿಸಿರಬೇಕು. ಅಂದಾಜು ಮೊತ್ತದ 40 ಪ್ರತಿಶತದಷ್ಟರವು ಮೂರು, ಅಥವಾ 50 ಪ್ರತಿಶತದಷ್ಟರವು ಎರಡು, ಅಥವಾ 80 ಪ್ರತಿಶತದಷ್ಟರದು ಒಂದಾದರೂ ಇರಬೇಕು. ಇದನ್ನು ಅತಿಯಾಗಿ ಬಿಗಿಗೊಳಿಸಿದರೆ ಹೊಸಬರು ಎಂದಿಗೂ ಒಳಬರಲಾರರು. ಅತಿಯಾಗಿ ಸಡಿಲಿಸಿದರೆ ಸೇತುವೆ ಅರ್ಧಕ್ಕೇ ನಿಲ್ಲುತ್ತದೆ. ಪ್ರೀ-ಬಿಡ್ ಸಭೆಯಲ್ಲಿ ಆಸಕ್ತರು ಕೇಳುವ ಪ್ರಶ್ನೆಗಳು ಈ ತೂಕವನ್ನು ಸರಿಪಡಿಸಿಕೊಳ್ಳಲು ದೊರೆಯುವ ಅಮೂಲ್ಯ ಅವಕಾಶ. ಅಲ್ಲಿ ಕೊಟ್ಟ ಉತ್ತರ ಎಲ್ಲರಿಗೂ ತಲುಪಬೇಕು, ಕೇಳಿದವನಿಗೆ ಮಾತ್ರವಲ್ಲ.

ಅನಂತರ ಬರುವುದು ಎರಡು ಲಕೋಟೆಗಳ ಪದ್ಧತಿ. ಮೊದಲನೆಯದರಲ್ಲಿ ಅನುಭವ, ವಹಿವಾಟು, ಯಂತ್ರೋಪಕರಣಗಳ ದಾಖಲೆ, ಎರಡನೆಯದರಲ್ಲಿ ದರ. ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾದವರ ದರದ ಲಕೋಟೆಯನ್ನಷ್ಟೇ ತೆರೆಯಲಾಗುತ್ತದೆ. ದರ ನೋಡಿ ಅರ್ಹತೆ ತೂಗುವ ಪ್ರಲೋಭನೆಯನ್ನು ಈ ಸರಳ ಉಪಾಯ ದೂರವಿಡುತ್ತದೆ. ಅತಿ ಕಡಿಮೆ ದರದವನು ‘ಎಲ್-1’. ಅವನನ್ನು ಹೊರತುಪಡಿಸಿ ಬೇರೆಯವರೊಂದಿಗೆ ಚೌಕಾಸಿ ಸಲ್ಲದು. ಅವನೊಂದಿಗೂ ಅಸಾಧಾರಣ ಸಂದರ್ಭದಲ್ಲಿ ಮಾತ್ರ ಎಂಬುದು ಜಾಗೃತ ಆಯೋಗದ ನಿಲುವು.

ಕಡಿಮೆ ದರವೊಂದೇ ಸಾಕೇ?

ನಮ್ಮ ಮೆಟ್ರೊದ ಹಳದಿ ಮಾರ್ಗವು ಈ ಪ್ರಶ್ನೆಯನ್ನು ಬೆಂಗಳೂರಿಗರ ಮುಂದೆ ತಂದು ನಿಲ್ಲಿಸಿತು. 2019ರ ಡಿಸೆಂಬರಿನಲ್ಲಿ 216 ಬೋಗಿಗಳ ಪೂರೈಕೆಯ ಗುತ್ತಿಗೆ ಸುಮಾರು 1,578 ಕೋಟಿ ರೂಪಾಯಿಗೆ ಚೀನಾದ ಸಿ.ಆರ್.ಆರ್.ಸಿ. ಸಂಸ್ಥೆಗೆ ದೊರೆಯಿತು. ಬೋಗಿಗಳ ಬಹುಪಾಲನ್ನು ಭಾರತದಲ್ಲಿಯೇ ತಯಾರಿಸಬೇಕೆಂಬುದು ಕರಾರಿನ ಮುಖ್ಯ ಷರತ್ತು. ಮರುವರ್ಷವೇ ಭಾರತದೊಂದಿಗೆ ಗಡಿ ಹಂಚಿಕೊಂಡ ದೇಶಗಳ ಹೂಡಿಕೆ ಮತ್ತು ಖರೀದಿಯ ನಿಯಮಗಳು ಬದಲಾದವು, ಜೊತೆಗೆ ಕೋವಿಡ್ ಬಂತು; ಸಂಸ್ಥೆಯು ಇಲ್ಲಿ ಕಾರ್ಖಾನೆ ತೆರೆಯಲಿಲ್ಲ. ಕೊನೆಗೆ ಕೋಲ್ಕತ್ತದ ಟಿಟಾಗಡ ಸಂಸ್ಥೆಯ ಸಹಭಾಗಿತ್ವದಲ್ಲಿ ತಯಾರಿಕೆ ಸಾಗಿತು. ಮೊದಲ ಚಾಲಕರಹಿತ ರೈಲು ಬೆಂಗಳೂರು ತಲುಪಿದ್ದು 2024ರ ಫೆಬ್ರುವರಿಯಲ್ಲಿ. ಕಂಬಗಳು ನಿಂತಿದ್ದವು, ನಿಲ್ದಾಣಗಳು ಸಜ್ಜಾಗಿದ್ದವು, ಓಡಲು ರೈಲುಗಳಿರಲಿಲ್ಲ. ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19.15 ಕಿಲೋಮೀಟರ್ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾದಾಗ ಸಂಚಾರ ಆರಂಭಿಸಿದ್ದು ಮೂರೇ ರೈಲುಗಳಿಂದ. ಪೂರೈಕೆದಾರನ ಸಾಮರ್ಥ್ಯವೆಂದರೆ ಅವನ ಕಾರ್ಖಾನೆಯ ಸಾಮರ್ಥ್ಯವಷ್ಟೇ ಅಲ್ಲ; ಕರಾರಿನ ಆಯುಷ್ಯದುದ್ದಕ್ಕೂ ಎದುರಾಗಬಹುದಾದ ಅಪಾಯಗಳನ್ನು ಅವನು ಎಷ್ಟರ ಮಟ್ಟಿಗೆ ತಾಳಬಲ್ಲ ಎಂಬುದೂ ಅದರಲ್ಲಿ ಸೇರಿದೆ.

ಕೇಂದ್ರ ಸರ್ಕಾರ 2021ರ ಅಕ್ಟೋಬರಿನಲ್ಲಿ ಹೊರಡಿಸಿದ ಸಾಮಾನ್ಯ ಸೂಚನೆಗಳು ಈ ದಿಕ್ಕಿನಲ್ಲಿ ಮಹತ್ವದ ಹೆಜ್ಜೆ. ವಿಶೇಷ ಸ್ವರೂಪದ ಕಾಮಗಾರಿಗಳಲ್ಲಿ ದರದೊಂದಿಗೆ ಗುಣಮಟ್ಟಕ್ಕೂ ಅಂಕ ನೀಡಲು, ಗರಿಷ್ಠ 30 ಪ್ರತಿಶತದ ಮಿತಿಯೊಳಗೆ, ಅವು ಅನುಮತಿ ಕೊಟ್ಟವು. ಎಲ್-1 ಎಂಬ ಏಕಮೇವ ಮಂತ್ರದಿಂದ ಹೊರಬಂದದ್ದು ಸ್ವಾಗತಾರ್ಹ. ಅಂಕ ನೀಡುವ ಸಮಿತಿಯ ನಿಷ್ಪಕ್ಷಪಾತದ ಮೇಲೆ ಈಗ ಇನ್ನಷ್ಟು ಹೊಣೆ ಬಿದ್ದಿದೆ.

ಕಡಿಮೆ ದರವೇ ನಿಜವಾದ ದರವೆಂಬ ಭರವಸೆಯೂ ಇಲ್ಲ. 2009ರಲ್ಲಿ ಭಾರತೀಯ ಆಹಾರ ನಿಗಮವು ಗೋದಾಮಿನ ಧಾನ್ಯವನ್ನು ಕೀಟಗಳಿಂದ ಕಾಪಾಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳಿಗೆ ಟೆಂಡರು ಕರೆದಾಗ ಮೂರು ಕಂಪನಿಗಳು ಕಿಲೋಗ್ರಾಮಿಗೆ 388 ರೂಪಾಯಿ ಎಂದೇ ದರ ಬರೆದಿದ್ದವು. ಪೈಸೆಯ ವ್ಯತ್ಯಾಸವೂ ಇರಲಿಲ್ಲ. ಸ್ಪರ್ಧಾ ಆಯೋಗ ಇದನ್ನು ಕೂಟವೆಂದು ಗುರುತಿಸಿ ದಂಡ ವಿಧಿಸಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಮಾನವನ್ನು ಎತ್ತಿಹಿಡಿದು, ದಂಡವನ್ನು ಕಂಪನಿಯ ಒಟ್ಟು ವಹಿವಾಟಿನ ಬದಲು ಆ ಉತ್ಪನ್ನದ ವಹಿವಾಟಿನ ಮೇಲೆ ಲೆಕ್ಕ ಹಾಕಬೇಕೆಂದಿತು.

ಔಷಧದ ಸೀಸೆಯಲ್ಲಿ ಜೀವ

ದರ ಮತ್ತು ಗುಣದ ಈ ದ್ವಂದ್ವ ಅತ್ಯಂತ ತೀವ್ರವಾಗುವುದು ಔಷಧ ಖರೀದಿಯಲ್ಲಿ. 1994ರಲ್ಲಿ ಸ್ಥಾಪನೆಯಾದ ತಮಿಳುನಾಡು ವೈದ್ಯಕೀಯ ಸೇವಾ ನಿಗಮವು ಈ ಕ್ಷೇತ್ರದಲ್ಲಿ ರಾಷ್ಟ್ರಕ್ಕೇ ಮಾದರಿಯಾಯಿತು. ಅಗತ್ಯ ಔಷಧಗಳ ಪಟ್ಟಿ, ತಯಾರಕರಿಂದಲೇ ನೇರ ಖರೀದಿ, ಎರಡು ಲಕೋಟೆಗಳ ಪದ್ಧತಿ, ಜಿಲ್ಲೆಗಳಲ್ಲಿ ಉಗ್ರಾಣ, ಪ್ರತಿ ಆಸ್ಪತ್ರೆಗೆ ಒಂದು ಪಾಸ್‌ಬುಕ್. ಮಾದರಿಗಳನ್ನು ತಯಾರಕರ ಹೆಸರು ಮರೆಮಾಚಿ, ಸಂಕೇತ ಸಂಖ್ಯೆ ಹಾಕಿ ಪ್ರಯೋಗಾಲಯಕ್ಕೆ ಕಳುಹಿಸುವ ಅಲ್ಲಿಯ ಕ್ರಮ ವಿಶೇಷ ಗೌರವಕ್ಕೆ ಪಾತ್ರವಾದದ್ದು. ಪರೀಕ್ಷಿಸುವವನಿಗೆ ಯಾರ ಔಷಧವೆಂದೇ ಗೊತ್ತಿಲ್ಲದಿದ್ದರೆ ಪ್ರಭಾವಕ್ಕೆ ಎಡೆಯೆಲ್ಲಿ?

ಕರ್ನಾಟಕದಲ್ಲಿ ಈ ಹೊಣೆ ಹೊತ್ತಿರುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಚಿಕಿತ್ಸೆಯ ಹೆರಿಗೆಯ ನಂತರ ಬಾಣಂತಿಯರು ಒಬ್ಬರ ಹಿಂದೊಬ್ಬರು ಮೃತಪಟ್ಟಾಗ, ಅವರಿಗೆ ನೀಡಿದ್ದ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಮೂಡಿ, ಅದರ ಬಳಕೆಯನ್ನು ತಡೆಹಿಡಿಯಲಾಯಿತು. ಆ ತಾಯಂದಿರ ಕುಟುಂಬಗಳ ದುಃಖವನ್ನು ಯಾವ ಲೆಕ್ಕಕ್ಕೂ ಇಳಿಸಲಾಗದು. ಬ್ಯಾಚಿನ ಪರೀಕ್ಷೆ, ತಿರಸ್ಕರಿಸುವ ಹಕ್ಕು, ತಿರಸ್ಕೃತ ಬ್ಯಾಚನ್ನು ಎಲ್ಲ ಆಸ್ಪತ್ರೆಗಳಿಂದ ತಕ್ಷಣ ಹಿಂಪಡೆಯುವ ಕರ್ತವ್ಯ, ಕಪ್ಪುಪಟ್ಟಿಗೆ ಸೇರಿಸುವ ಕ್ರಮ: ಔಷಧ ಕರಾರಿನ ಈ ಷರತ್ತುಗಳು ಔಪಚಾರಿಕ ಸಾಲುಗಳಲ್ಲ. ಒಂದೊಂದೂ ಯಾರದೋ ಹಾಸಿಗೆಯ ಪಕ್ಕದಲ್ಲಿ ನಿಂತಿರುತ್ತದೆ. ಈ ವಿಭಾಗದಲ್ಲಿ ಪರೀಕ್ಷೆಗೆ ವ್ಯಯವಾಗುವ ಪ್ರತಿ ರೂಪಾಯಿಯನ್ನೂ ಖರೀದಿ ದರದ ಅವಿಭಾಜ್ಯ ಅಂಗವೆಂದೇ ಪರಿಗಣಿಸಬೇಕು.

ಪರದೆಯ ಮೇಲಿನ ಟೆಂಡರು

ಟೆಂಡರು ಪೆಟ್ಟಿಗೆಯ ಬಳಿ ಪ್ರತಿಸ್ಪರ್ಧಿಯನ್ನು ತಡೆದು ನಿಲ್ಲಿಸುವ, ಅರ್ಜಿ ನಮೂನೆಯೇ ಸಿಗದಂತೆ ಮಾಡುವ ಕಾಲವೊಂದಿತ್ತು. ಆಂಧ್ರಪ್ರದೇಶ 2003ರಲ್ಲಿ ತೋರಿದ ಹಾದಿಯಲ್ಲಿ ಕರ್ನಾಟಕವೂ 2007ರಲ್ಲಿ ಇ-ಪ್ರೊಕ್ಯೂರ್‌ಮೆಂಟ್ ವೇದಿಕೆಯನ್ನು ಆರಂಭಿಸಿತು. ಬೀದರಿನ ಗುತ್ತಿಗೆದಾರ ಬೆಂಗಳೂರಿಗೆ ಬರದೆಯೇ ಡಿಜಿಟಲ್ ಸಹಿಯೊಂದಿಗೆ ಅರ್ಜಿ ಸಲ್ಲಿಸುವಂತಾಯಿತು. ನಿಗದಿತ ಕ್ಷಣಕ್ಕೆ ಮುನ್ನ ಯಾರೂ ದರ ನೋಡುವಂತಿಲ್ಲ. ತಂತ್ರಜ್ಞಾನಕ್ಕೂ ಕಾವಲು ಬೇಕೆಂಬುದನ್ನು 2019ರ ಸೈಬರ್ ಕಳವು ಮನದಟ್ಟು ಮಾಡಿತು: ಬಿಡ್ಡುದಾರರ ಠೇವಣಿ ಹಣದಲ್ಲಿ ಸುಮಾರು 11.5 ಕೋಟಿ ರೂಪಾಯಿ ಅಕ್ರಮವಾಗಿ ವರ್ಗಾವಣೆಯಾಗಿ ತನಿಖೆ ನಡೆಯಿತು. ಇಂದು ಆ ಜಾಗದಲ್ಲಿ ಹೊಸ ತಲೆಮಾರಿನ ಕೆ.ಪಿ.ಪಿ.ಪಿ. ಜಾಲತಾಣ ಕೆಲಸ ಮಾಡುತ್ತಿದೆ.

ಕೇಂದ್ರದಲ್ಲಿ 2016ರ ಆಗಸ್ಟ್ 9ರಂದು ಆರಂಭವಾದ ಜೆಮ್, ಅಂದರೆ ಗವರ್ನಮೆಂಟ್ ಇ-ಮಾರ್ಕೆಟ್‌ಪ್ಲೇಸ್, ಹಳೆಯ ಡಿ.ಜಿ.ಎಸ್. ಅಂಡ್ ಡಿ. ಸಂಸ್ಥೆಯನ್ನು ಇತಿಹಾಸಕ್ಕೆ ಸೇರಿಸಿತು. 2017ರ ಅಕ್ಟೋಬರ್ 31ರಂದು ಅದರ ಬಾಗಿಲು ಮುಚ್ಚಿತು. 2023-24ನೆಯ ಸಾಲಿನಲ್ಲಿ ಜೆಮ್ ವಹಿವಾಟು 4 ಲಕ್ಷ ಕೋಟಿ ರೂಪಾಯಿ ದಾಟಿತು.

ಈ ಬೃಹತ್ ಮಾರುಕಟ್ಟೆಯಲ್ಲಿ ಸಣ್ಣವರಿಗೂ ಸ್ಥಾನವಿರಬೇಕೆಂಬ ಆಶಯ ನಿಯಮಗಳಲ್ಲೇ ಅಂತರ್ಗತವಾಗಿದೆ. ಕೇಂದ್ರದ ಇಲಾಖೆಗಳು ಮತ್ತು ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯ 25 ಪ್ರತಿಶತವನ್ನು ಕಿರು ಮತ್ತು ಸಣ್ಣ ಉದ್ಯಮಗಳಿಂದ ಪಡೆಯಬೇಕು. ಅದರೊಳಗೆ 4 ಪ್ರತಿಶತ ಪರಿಶಿಷ್ಟ ಜಾತಿ ಮತ್ತು ಪಂಗಡದವರ, 3 ಪ್ರತಿಶತ ಮಹಿಳೆಯರ ಉದ್ಯಮಗಳಿಗೆ. ಕರ್ನಾಟಕ ಇನ್ನೂ ಮುಂದೆ ಹೋಗಿ ಕಾಮಗಾರಿ ಗುತ್ತಿಗೆಗಳಲ್ಲೇ ಪರಿಶಿಷ್ಟ ಜಾತಿಗೆ 17.15, ಪರಿಶಿಷ್ಟ ಪಂಗಡಕ್ಕೆ 6.95 ಪ್ರತಿಶತ ಮೀಸಲಿಟ್ಟಿತು. ಮೊದಲು 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಿಗಷ್ಟೇ ಅನ್ವಯಿಸುತ್ತಿದ್ದ ಈ ಮೀಸಲಾತಿಯ ಮಿತಿ ಬಳಿಕ ಒಂದು ಕೋಟಿಗೆ ಏರಿತು. ಆದರೆ ಸಣ್ಣ ಪೂರೈಕೆದಾರನಿಗೆ ಗುತ್ತಿಗೆಯಷ್ಟೇ ಮುಖ್ಯವಾದದ್ದು ಸಕಾಲದಲ್ಲಿ ಬಿಲ್ಲು ಪಾವತಿ. 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯು ನಲವತ್ತೈದು ದಿನಗಳ ಗಡುವು ವಿಧಿಸಿ, ಮೀರಿದರೆ ಬ್ಯಾಂಕು ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕೆನ್ನುತ್ತದೆ. ಬಾಕಿ ಬಿಲ್ಲುಗಳ ಕುರಿತು ರಾಜ್ಯದ ಗುತ್ತಿಗೆದಾರರ ಸಂಘಗಳು ವರ್ಷ ವರ್ಷವೂ ಎತ್ತುವ ದನಿ ಈ ಹಿನ್ನೆಲೆಯಲ್ಲಿ ಗಂಭೀರ ಗಮನಕ್ಕೆ ಅರ್ಹ. ಹಣ ತಡವಾಗುವುದೆಂಬ ಭಯವಿದ್ದಲ್ಲಿ ಗುತ್ತಿಗೆದಾರನು ಆ ಬಡ್ಡಿಯನ್ನೂ ಸೇರಿಸಿಯೇ ದರ ಬರೆಯುತ್ತಾನೆ. ವಿಳಂಬದ ಬೆಲೆ ತೆರುವುದು ಅಂತಿಮವಾಗಿ ಬೊಕ್ಕಸವೇ.

ಕರಾರು ಎಂಬ ಕಾವಲು

ಆಯ್ಕೆ ಮುಗಿದು ಕಾರ್ಯಾದೇಶ ಕೈಗೆ ಬಂದ ಮೇಲೆ ಆರಂಭವಾಗುವುದು ಕರಾರಿನ ಆಳ್ವಿಕೆ. ಲೋಕೋಪಯೋಗಿ ಇಲಾಖೆಯ ಕೆ.ಡಬ್ಲ್ಯು. ಸರಣಿಯ ಪ್ರಮಾಣಿತ ಟೆಂಡರು ಪತ್ರಗಳು ಕಾಮಗಾರಿಯ ಮೊತ್ತಕ್ಕೆ ತಕ್ಕಂತೆ ಬದಲಾಗುತ್ತವೆ. ಗುತ್ತಿಗೆದಾರರ ವಲಯದಲ್ಲಿ ‘ಕೆ.ಡಬ್ಲ್ಯು. ಫೋರ್’ ಎಂದರೆ ಸಾಕು, ಕೆಲಸದ ಗಾತ್ರ ತಿಳಿಯುತ್ತದೆ. ಸಾಮಾನ್ಯವಾಗಿ ಸರಕು ತಡವಾದರೆ ವಾರಕ್ಕೆ ಅರ್ಧ ಪ್ರತಿಶತದಂತೆ, ಗರಿಷ್ಠ ಹತ್ತು ಪ್ರತಿಶತದವರೆಗೆ ಕಡಿತ. ಹದಿನೆಂಟು ತಿಂಗಳು ಮೀರುವ ದೀರ್ಘ ಕರಾರಿನಲ್ಲಿ ಉಕ್ಕು, ಇಂಧನ, ಕೂಲಿಯ ಏರಿಳಿತಕ್ಕೆ ತಕ್ಕ ದರ ಹೊಂದಾಣಿಕೆಯ ಸೂತ್ರ. ಇಂಥ ಸೂತ್ರವಿಲ್ಲದಿದ್ದರೆ ಜಾಣ ಗುತ್ತಿಗೆದಾರ ಭವಿಷ್ಯದ ಭಯವನ್ನೆಲ್ಲ ಇಂದಿನ ದರಕ್ಕೆ ಸೇರಿಸುತ್ತಾನೆ, ಅನನುಭವಿ ಕಡಿಮೆ ಬರೆದು ನಡುವೆಯೇ ಕೈಚೆಲ್ಲುತ್ತಾನೆ. ಅಳತೆ ಪುಸ್ತಕದಲ್ಲಿ ಇಂಜಿನಿಯರು ಬರೆಯುವ ಒಂದೊಂದು ಅಂಕಿಯೂ ಪಾವತಿಯ ಆಧಾರ. ಬರೆದ ಆಳವೂ ಹಾಕಿದ ಜಲ್ಲಿಯ ಆಳವೂ ಒಂದೇ ಆಗಿರಬೇಕಾದದ್ದು ಅಲ್ಲಿ.

ಕರಾರು ರಚನೆಯಲ್ಲಿ ಭಾರತವು ಹೆಮ್ಮೆಪಡಬಹುದಾದ ಒಂದು ಆವಿಷ್ಕಾರ ಹಳ್ಳಿಯ ದಾರಿಯಲ್ಲಿದೆ. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು ರಸ್ತೆ ನಿರ್ಮಿಸಿದ ಗುತ್ತಿಗೆದಾರನೇ ಐದು ವರ್ಷಗಳ ಕಾಲ ಅದನ್ನು ನಿರ್ವಹಿಸಬೇಕೆಂಬ ಷರತ್ತನ್ನು ಅದೇ ಕರಾರಿನಲ್ಲಿ ಅಳವಡಿಸಿತು. ಕಟ್ಟುವಾಗ ಡಾಂಬರು ಉಳಿಸಿದವನು ಮಳೆಗಾಲದಲ್ಲಿ ತಾನೇ ಗುಂಡಿ ಮುಚ್ಚಬೇಕಾಗುತ್ತದೆ. ಗುಣಮಟ್ಟದ ಹಿತಾಸಕ್ತಿ ಗುತ್ತಿಗೆದಾರನ ಲಾಭದ ಲೆಕ್ಕದೊಳಗೇ ಸೇರಿಕೊಂಡಿತು. ಈ ರಸ್ತೆಗಳ ಬದಿಯ ನಾಮಫಲಕದಲ್ಲಿ ಗುತ್ತಿಗೆದಾರನ ಹೆಸರು, ನಿರ್ಮಾಣದ ವೆಚ್ಚ, ಕೆಲಸ ಮುಗಿದ ದಿನಾಂಕ, ಐದೂ ವರ್ಷಗಳ ನಿರ್ವಹಣೆಗೆ ಮೀಸಲಾದ ಮೊತ್ತಗಳನ್ನು ಬರೆಯಲಾಗುತ್ತದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರನೆಯ ವರ್ಷದ ನಿರ್ವಹಣೆಯ ಹಣ ಎಲ್ಲಿ ಖರ್ಚಾಯಿತೆಂದು ಪ್ರಶ್ನಿಸಲು ಬೇಕಾದ ಅಂಕಿಗಳೆಲ್ಲವೂ ಆ ಫಲಕದ ಮೇಲಿವೆ.